ಗೋಡೆ ನೋಡದೆ ಡಬ್ಬಿ ಆರಿಸುವವರಿಗೆ

ತಿರುವನಂತಪುರದಿಂದ ದಕ್ಷಿಣಕ್ಕೆ ಹೊರಟು ಕೋವಳಂ ದಾಟಿದರೆ ವಿಳಿಂಜಂ. 2025ರ ಮೇ 2ರಂದು ಅಂತರರಾಷ್ಟ್ರೀಯ ಬಂದರು ಉದ್ಘಾಟನೆಯಾದ ಮೇಲೆ ಈ ಹೆಸರು ನಮ್ಮ ಕಡೆಯವರ ಕಿವಿಗೂ ಬಿತ್ತು. ಮನೆಗೆ ಬಣ್ಣ ಹೊಡೆಸುವವರಿಗೆ ಈ ಊರು ಮುಖ್ಯವಾಗುವುದು ಬೇರೆ ಕಾರಣಕ್ಕೆ. ವರ್ಷಕ್ಕೆ ಎರಡು ಮಳೆಗಾಲ, ಹಗಲಿರುಳು ಉಪ್ಪುಗಾಳಿ. ಪೇಂಟಿಂಗ್ ಕಂತ್ರಾಟಿನ ಬಗ್ಗೆ ನಾವು ನಂಬಿಕೊಂಡು ಬಂದ ಸುಳ್ಳುಗಳು ಬೆಂಗಳೂರಿನ ಗೋಡೆಯ ಮೇಲೆ ಹೇಗೋ ಕಾಲ ಹಾಕಿದರೂ ಕಡಲಂಚಿನಲ್ಲಿ ಬೇಗ ಸಿಕ್ಕಿಬೀಳುತ್ತವೆ. ಕಾರವಾರದಿಂದ ಕಾಸರಗೋಡಿನವರೆಗಿನ ಮನೆಗಳಿಗೂ ಇದು ಅನ್ವಯಿಸುತ್ತದೆ.

“ಮಳೆ ನಿಂತು ಹತ್ತು ದಿನ ಬಿಸಿಲು ಬಿದ್ದರೆ ಗೋಡೆ ಒಣಗಿದಂತೆಯೇ”

ಕಡಲೂರಿನಲ್ಲಿ ಅತಿ ಹೆಚ್ಚು ಹಣ ಪೋಲು ಮಾಡಿಸುವ ನಂಬಿಕೆ ಇದೇ. ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿತೆಂದರೆ ಅಡುಗೆ ಉಪ್ಪು ತಾನಾಗಿ ನೀರು ಹೀರಿಕೊಂಡು ಕರಗತೊಡಗುತ್ತದೆ. ಗೋಡೆಯ ಮೇಲೆ ಕುಳಿತ, ಗಾರೆಯೊಳಗೆ ಇಳಿದ ಉಪ್ಪಿನ ಗುಣವೂ ಅದೇ. ಹನಿ ಮಳೆ ಇಲ್ಲದಿದ್ದರೂ ಅಂಥ ಗೋಡೆ ಬೆವರುತ್ತಲೇ ಇರುತ್ತದೆ. ಹೊಸ ಬಣ್ಣ ಅದರ ಮೇಲೆ ಕೂರುವುದಿಲ್ಲ. ಗುಳ್ಳೆ ಎದ್ದು ಹಪ್ಪಳದಂತೆ ಕಳಚುತ್ತದೆ. ಆದ್ದರಿಂದ ಹೊರಗೋಡೆಯನ್ನು ಮೊದಲು ಸಿಹಿನೀರಿನಿಂದ ತಿಕ್ಕಿ ತೊಳೆಯಬೇಕು, ಪಾಚಿ ಇದ್ದರೆ ಅದನ್ನು ಕೊಲ್ಲುವ ದ್ರಾವಣ ಹಚ್ಚಬೇಕು, ಆಮೇಲೆ ಒಣಗಲು ಬಿಡಬೇಕು. ಮೇಸ್ತ್ರಿಯ ಕೊಟೇಶನ್ನಿನಲ್ಲಿ ಈ ತೊಳೆತದ ಸಾಲು ಇದೆಯೇ ನೋಡಿ. ಸಾಮಾನ್ಯವಾಗಿ ಇರುವುದಿಲ್ಲ.

ಒಣಗಿದೆಯೋ ಇಲ್ಲವೋ ಎಂದು ಅಂಗೈ ಇಟ್ಟು ಹೇಳುವವರನ್ನು ನಂಬಬೇಡಿ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ, ಸಂಜೆಯಿಂದ ಮರುದಿನ ಮಧ್ಯಾಹ್ನದವರೆಗೆ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕೂತಿದ್ದರೆ ನೀರು ಗೋಡೆಯೊಳಗಿದೆ ಎಂದೇ ಅರ್ಥ. ಖರ್ಚಿಲ್ಲದ ಈ ಪರೀಕ್ಷೆಗೆ ಒಪ್ಪದ ಕಂತ್ರಾಟುದಾರನಿಗೆ ಕೆಲಸ ಮುಗಿಸಿ ಹೊರಡುವ ಅವಸರವಿದೆ.

ಹಬ್ಬದ ಗಡುವೂ ಇಲ್ಲಿ ಶತ್ರುವೇ. ಕೇರಳದ ಮುಂಗಾರು ಜೂನ್ 1ರ ಸುಮಾರಿಗೆ ಬರುತ್ತದೆ, ಅಲ್ಲಿನವರು ತುಲಾವರ್ಷಂ ಎನ್ನುವ ಹಿಂಗಾರು ಅಕ್ಟೋಬರಿನಲ್ಲಿ ಶುರುವಾಗುತ್ತದೆ. ಓಣಂ ಬರುವುದು ಇವೆರಡರ ನಡುವೆ. ಅದಕ್ಕೆಂದು ಆಗಸ್ಟಿನಲ್ಲಿ ಹೊರಗೋಡೆಗೆ ಕೈ ಹಾಕಿದರೆ ಒಂದು ಮಳೆಯ ತೇವ ಒಳಗಿರುವಾಗಲೇ ಇನ್ನೊಂದು ಮಳೆಗೆ ಗೋಡೆ ಒಡ್ಡಿದಂತಾಗುತ್ತದೆ. ನಮ್ಮಲ್ಲಿ ಚೌತಿಗೆ ಬಣ್ಣ ಹೊಡೆಸುವವರೂ ಇದನ್ನೇ ಮಾಡುತ್ತಾರೆ. ಒಳಗೋಡೆಗೆ ಹಬ್ಬ ನೋಡಿ. ಹೊರಗೋಡೆಗೆ ಜನವರಿಯಿಂದ ಮಾರ್ಚ್ ನೋಡಿ.

“ವಾಟರ್‌ಪ್ರೂಫ್ ಪೇಂಟ್ ಹೊಡೆದರೆ ಸೋರಿಕೆ ನಿಲ್ಲುತ್ತದೆ”

ಹೊರಗಿನಿಂದ ಬಡಿಯುವ ಮಳೆಗೆ ಅದು ತಡೆ, ನಿಜ. ಆದರೆ ಬಚ್ಚಲಿನ ಒಡೆದ ಪೈಪು, ಬಿರುಕು ಬಿಟ್ಟ ತಾರಸಿ, ನೆಲದಿಂದ ಮೇಲೇರುವ ತೇವ ಇವು ಗೋಡೆಯ ಹಿಂದಿನಿಂದ ಬರುವಂಥವು. ಅವುಗಳ ಮುಂದೆ ದಪ್ಪ ಬಣ್ಣ ಬಳಿದರೆ ನೀರು ಹೊರದಾರಿ ಕಾಣದೆ ಬಣ್ಣವನ್ನೇ ತಳ್ಳುತ್ತದೆ. ಮೊದಲು ಪ್ಲಂಬರ್, ಆಮೇಲೆ ಪೇಂಟರ್. ಸಜ್ಜಾದ ಅಡಿಯಲ್ಲಿ ಕಂದು ಕಲೆಯೂ ಸೀಳೂ ಕಂಡರಂತೂ ಒಳಗೆ ಕಬ್ಬಿಣ ತುಕ್ಕು ಹಿಡಿದಿರುವ ಸಂಭವ ಹೆಚ್ಚು. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಕಡಲ ಪರಿಸರಕ್ಕೆ ತೆರೆದ ಕಾಂಕ್ರೀಟನ್ನು ‘ತೀವ್ರ’ ವರ್ಗಕ್ಕೆ ಸೇರಿಸಿ, ಕಂಬಿಯ ಮೇಲೆ 45 ಮಿಲಿಮೀಟರ್ ಹೊದಿಕೆ ಕೇಳುತ್ತದೆ. ಅದಿಲ್ಲದೆ ಕಟ್ಟಿದ ಸಜ್ಜಾವನ್ನು ಪುಟ್ಟಿಯಿಂದ ಮುಚ್ಚುವುದು ಅಪಾಯವನ್ನು ಮರೆಮಾಡಿದಂತೆ.

“ಚದರಡಿ ದರ ಯಾರದು ಕಡಿಮೆಯೋ ಅವರಿಗೆ ಕೆಲಸ”

ಯಾವ ಚದರಡಿ ಎಂದು ಮೊದಲು ಕೇಳಿ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಯ ನೆಲ 120 ಚದರಡಿ. ಅದೇ ಕೋಣೆಯ ನಾಲ್ಕು ಗೋಡೆ 440, ಸೀಲಿಂಗ್ 120, ಒಟ್ಟು 560. ನೆಲದ ಲೆಕ್ಕ ಹಿಡಿದುಕೊಂಡವರು ಬಿಲ್ಲು ಬಂದಾಗ ಹೌಹಾರುವುದು ಇದಕ್ಕೇ. ಬಾಗಿಲು, ಕಿಟಕಿ ಕಳೆಯುತ್ತಾರೋ ಇಲ್ಲವೋ ಎಂಬುದು ಮುಂದಿನ ಪ್ರಶ್ನೆ. ಐಎಸ್ 1200 ಅಳತೆ ಪದ್ಧತಿಯಲ್ಲಿ ಅರ್ಧ ಚದರ ಮೀಟರಿನೊಳಗಿನ ಕಿಂಡಿಯನ್ನು ಕಳೆಯುವುದಿಲ್ಲ. ಖಾಸಗಿ ಕೆಲಸದಲ್ಲಿ ಮಾತಾಡಿಕೊಂಡದ್ದೇ ನಿಯಮ. ಟೇಪು ಹಿಡಿದು ಇಬ್ಬರೂ ಕೂಡಿ ಅಳೆಯಿರಿ, ಕೆಲಸ ಶುರುವಾಗುವ ಮುಂಚೆಯೇ.

ದರ ಕಡಿಮೆಯಾಗುವ ಇನ್ನೊಂದು ದಾರಿ ನೀರು. ಎಮಲ್ಷನ್ನಿಗೆ ಎಷ್ಟು ನೀರು ಬೆರೆಸಬೇಕೆಂದು ಡಬ್ಬಿಯ ಮೇಲೇ ಅಚ್ಚಾಗಿರುತ್ತದೆ. ಅದನ್ನು ಮೀರಿ ತೆಳುಮಾಡಿದರೆ ಎರಡು ಕೋಟಿನ ಜಾಗದಲ್ಲಿ ಮೂರು ಕೋಟು ಹೊಡೆದು ತೋರಿಸಬಹುದು, ಗೋಡೆಗೆ ಮಾತ್ರ ಒಂದೂವರೆಯಷ್ಟೂ ಸಿಗುವುದಿಲ್ಲ. ಡಬ್ಬಿಗಳು ನಿಮ್ಮೆದುರೇ ಒಡೆಯಲಿ, ಖಾಲಿ ಡಬ್ಬಿಗಳು ಕೊನೆಯವರೆಗೂ ನಿಮ್ಮ ಅಂಗಳದಲ್ಲೇ ಇರಲಿ.

“ಮೇಸ್ತ್ರಿ ಹೇಳಿದ ಕಂಪನಿಯೇ ಒಳ್ಳೆಯದು”

ಪೇಂಟಿನ ಡಬ್ಬಿಯೊಳಗೆ ಪೇಂಟರಿಗೆಂದು ಟೋಕನ್ ಇಡುವ ರೂಢಿ ನಮ್ಮ ದೇಶದಲ್ಲಿ ಹಳೆಯದು. ಈಗ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಪಾಯಿಂಟು ಪಡೆಯುವುದೂ ಉಂಟು. ಅದು ಗುಟ್ಟೂ ಅಲ್ಲ, ಅಪರಾಧವೂ ಅಲ್ಲ. ಶಿಫಾರಸಿನ ಹಿಂದೆ ಅದೂ ಇರಬಹುದೆಂಬ ಎಚ್ಚರ ನಮಗಿದ್ದರಾಯಿತು. ಹಾಗೆಯೇ ಡಬ್ಬಿಯ ಮೇಲಿನ ‘ಇಷ್ಟು ವರ್ಷ ವಾರಂಟಿ’ಯನ್ನು ಓದುವಾಗ ಕೆಳಗಿನ ಸಣ್ಣಕ್ಷರಗಳನ್ನೂ ಓದಿ. ಕಂಪನಿ ಹೇಳಿದ ಪ್ರೈಮರ್, ಹೇಳಿದಷ್ಟು ಕೋಟು, ಒಣಗಿದ ಗೋಡೆ ಇವೆಲ್ಲ ಇದ್ದರೆ ಮಾತ್ರ ಆ ಮಾತು ನಿಲ್ಲುತ್ತದೆ. ಒಳಗಿನಿಂದ ಬಂದ ತೇವಕ್ಕೆ ಸಾಮಾನ್ಯವಾಗಿ ಅದು ಅನ್ವಯಿಸುವುದಿಲ್ಲ.

ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಅದಕ್ಕೂ ಹಳೆಯ ಎನಾಮಲ್ ಬಳಿದ ಬಾಗಿಲು, ಕಿಟಕಿಗಳನ್ನು ಒಣದಾಗಿ ಉಜ್ಜಲು ಬಿಡಬೇಡಿ. ನೀರು ಹಚ್ಚಿ ಉಜ್ಜಲಿ, ಮಕ್ಕಳು ಬೇರೆ ಮನೆಯಲ್ಲಿರಲಿ.

“ಬಂಗಾಳಿಗಳು ಮಾಡಿದರೆ ಕೆಲಸ ಕಳಪೆ”

ಕೇರಳದಲ್ಲಿ ಅಸ್ಸಾಮಿನವನೂ ಒಡಿಶಾದವನೂ ಆಡುಮಾತಿನಲ್ಲಿ ‘ಬಂಗಾಳಿ’ಯೇ. ಸರ್ಕಾರ ಅವರನ್ನು ಅತಿಥಿ ಕಾರ್ಮಿಕರೆಂದು ಕರೆದು 2017ರಲ್ಲಿ ‘ಆವಾಜ್’ ವಿಮೆ ತಂದಿತು. ಪುಟ್ಟಿ ಉಜ್ಜದೆ ಬಿಟ್ಟದ್ದಕ್ಕೆ ಹುಡುಗನ ಊರು ಕಾರಣವಲ್ಲ. ಬೆಳಿಗ್ಗೆ ಬಿಟ್ಟುಹೋಗಿ ಸಂಜೆ ಮುಖ ತೋರಿಸುವ ಕಂತ್ರಾಟುದಾರ ಕಾರಣ. ಸ್ಥಳದಲ್ಲಿ ನಿಂತು ನೋಡುವವರು ಯಾರು, ಸಾರವೆ ಮೇಲೆ ಹತ್ತುವವನಿಗೆ ಹಗ್ಗ, ಬೆಲ್ಟು, ವಿಮೆ ಯಾರ ಹೊಣೆ ಎಂಬುದನ್ನು ಮೊದಲೇ ಕೇಳಿ. ಇನ್ನು ಹಮಾಲರ ಸಂಘಗಳು ತಾವು ಮುಟ್ಟದ ಸಾಮಾನಿಗೂ ಕೇಳುವ ಕೂಲಿ, ‘ನೋಕ್ಕುಕೂಲಿ’, ಕೊಡಲೇಬೇಕೆಂಬ ಮಾತು ಈಗಿಲ್ಲ. 2018ರ ಮೇ 1ರಿಂದ ಕೇರಳ ಸರ್ಕಾರ ಅದನ್ನು ನಿಲ್ಲಿಸಿದೆ.

“ಬಣ್ಣದ ಕೆಲಸಕ್ಕೆ ಎಂಥ ಕರಾರುಪತ್ರ!”

ಹಣ ಕೊಟ್ಟು ಪಡೆದ ಸೇವೆಯಾದ್ದರಿಂದ ಇದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಕೊಟ್ಟ ಮೊತ್ತ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ ಸಾಕು, ಎರಡು ವರ್ಷದೊಳಗೆ ದೂರು ಕೊಡಬೇಕು. ಆಯೋಗದ ಮುಂದೆ ನಿಮ್ಮ ಕೈಯಲ್ಲಿ ಪುರಾವೆ ಇರಬೇಕಷ್ಟೆ. ತೊಳೆತ, ಪುಟ್ಟಿ, ಪ್ರೈಮರ್, ಕೋಟಿನ ಲೆಕ್ಕ, ಅಳತೆಯ ಕ್ರಮ, ಕಂತು, ಕಳಚಿದರೆ ಎಷ್ಟು ದಿನದಲ್ಲಿ ಸರಿಪಡಿಸುತ್ತಾರೆ ಎಂಬುದು, ಇಷ್ಟನ್ನು ಒಂದು ಪುಟದಲ್ಲಿ ಬರೆಸಿ ಇಬ್ಬರೂ ಸಹಿ ಹಾಕಿ. ಆಮೇಲೆ ಮುಂಗಡ ಕೊಡಿ.