ಗ್ರಾಮಠಾಣದ ಆಚೆಗೆ: ಬೆಳೆಯುವ ಹಳ್ಳಿಯ ವಸತಿ ಮತ್ತು ಸಾರ್ವಜನಿಕ ಸೇವೆಗಳ ಯೋಜನೆ

ಮಲೆನಾಡು, ಕರಾವಳಿಗಳ ಚದುರಿದ ಮನೆಗಳ ಊರುಗಳನ್ನು ಬಿಟ್ಟರೆ, ಕರ್ನಾಟಕದ ಬಯಲುಸೀಮೆಯ ಹಳ್ಳಿಗೆ ಸ್ಪಷ್ಟವಾದ ಒಂದು ಆಕಾರವಿದೆ. ಮನೆಗಳು ಗ್ರಾಮಠಾಣದೊಳಗೆ ಒತ್ತಾಗಿ ನಿಂತಿರುತ್ತವೆ. ಸುತ್ತ ಹೊಲಗದ್ದೆ, ಕೆರೆ, ಗುಂಡುತೋಪು, ಗೋಮಾಳಗಳಿರುತ್ತವೆ. ಈ ವಿಭಜನೆಯು ಕೇವಲ ಕಂದಾಯದ ಅನುಕೂಲಕ್ಕಾಗಿ ಉಳಿದುಬಂದುದಲ್ಲ. ನೀರು, ಮೇವು, ನೆರಳುಗಳನ್ನು ಸಮುದಾಯದ ಸ್ವತ್ತಾಗಿ ಕಾಯ್ದಿಡುವ ವ್ಯವಸ್ಥೆಯೂ ಅದರಲ್ಲಿ ಅಡಗಿತ್ತು. 2011ರ ಜನಗಣತಿಯ ಪ್ರಕಾರ ರಾಜ್ಯದ ಜನಸಂಖ್ಯೆಯಲ್ಲಿ ಶೇಕಡ 61ರಷ್ಟು ಜನ ಗ್ರಾಮವಾಸಿಗಳು. ಕುಟುಂಬಗಳು ಒಡೆದು ಹೆಚ್ಚಿದಂತೆ, ಪೇಟೆಯ ದಾರಿ ಹತ್ತಿರವಾದಂತೆ, ವಸತಿಯು ಗ್ರಾಮಠಾಣದ ಎಲ್ಲೆಯನ್ನು ದಾಟಿ ಹೊಲಗಳಿಗೆ ಹರಡುತ್ತಿದೆ. ಹೀಗೆ ಹರಡುವಾಗ ಮನೆಗಳು ಮೊದಲು ಬಂದು, ಸೇವೆಗಳು ಅವುಗಳನ್ನು ಹಿಂಬಾಲಿಸಲು ಹೆಣಗುವುದೇಕೆ ಎಂಬುದು ಪ್ರಸ್ತುತ ಲೇಖನದ ವಿಚಾರ.

ಇದಕ್ಕೆ ಮುಖ್ಯ ಕಾರಣ ಅಧಿಕಾರ ಮತ್ತು ಹೊಣೆಗಳ ನಡುವಿನ ಅಂತರ. ಕೃಷಿಭೂಮಿಯ ಪರಿವರ್ತನೆಯು 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 95ನೆಯ ಪ್ರಕರಣಕ್ಕೆ ಒಳಪಟ್ಟು ಕಂದಾಯ ಆಡಳಿತದ ವ್ಯಾಪ್ತಿಗೆ ಸೇರಿದೆ. ಸ್ಥಳೀಯ ಯೋಜನಾ ಪ್ರದೇಶಗಳಲ್ಲಿ ಬಡಾವಣೆಯ ವಿನ್ಯಾಸವು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮಕ್ಕೆ ಒಳಪಡುತ್ತದೆ. ಆದರೆ ನಿವೇಶನಗಳು ಮಾರಾಟವಾಗಿ ಮನೆಗಳು ಎದ್ದ ಮೇಲೆ ಕುಡಿಯುವ ನೀರು, ಚರಂಡಿ, ಬೀದಿದೀಪಗಳ ಹೊಣೆ 1993ರ ಪಂಚಾಯತ್ ರಾಜ್ ಅಧಿನಿಯಮದ ಮೇರೆಗೆ ಗ್ರಾಮ ಪಂಚಾಯಿತಿಯ ಹೆಗಲೇರುತ್ತದೆ. ಭೂಮಿಯ ಭವಿಷ್ಯವನ್ನು ನಿರ್ಧರಿಸುವವರು ಒಬ್ಬರು, ಅದರ ಪರಿಣಾಮವನ್ನು ನಿರ್ವಹಿಸುವವರು ಮತ್ತೊಬ್ಬರು.

ಈ ಹೊಣೆಯ ಪ್ರಮಾಣವನ್ನು ಸರಳ ಲೆಕ್ಕವೊಂದು ತೋರಿಸುತ್ತದೆ. ಇನ್ನೂರು ನಿವೇಶನಗಳ ಒಂದು ಬಡಾವಣೆಯಲ್ಲಿ ಮನೆಗೆ ಐವರಂತೆ 1,000 ಜನ ನೆಲೆಸುತ್ತಾರೆಂದು ಭಾವಿಸೋಣ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ನೀರನ್ನು ಗುರಿಯಾಗಿ ಇಟ್ಟುಕೊಂಡಿದೆ. ಆ ಪ್ರಕಾರ ಪ್ರತಿದಿನ 55,000 ಲೀಟರ್ ನೀರು ಬೇಕು. ಪೂರೈಸಿದ ನೀರಿನಲ್ಲಿ ಶೇಕಡ 80ರಷ್ಟು ಕೊಳೆನೀರಾಗಿ ಹೊರಬರುತ್ತದೆಂಬ ವಾಡಿಕೆಯ ಅಂದಾಜನ್ನು ಒಪ್ಪಿದರೆ, 44,000 ಲೀಟರ್ ಎಲ್ಲಿಗಾದರೂ ಹರಿಯಲೇಬೇಕು. ಅದಕ್ಕೆ ದಾರಿ ಗೊತ್ತುಪಡಿಸದಿದ್ದಲ್ಲಿ ಅದು ತಗ್ಗಿನ ಕಡೆಗೆ, ಅಂದರೆ ಕೆರೆಯ ಕಡೆಗೆ ಸಾಗುತ್ತದೆ. ಆ ಕೆರೆಯ ಒರತೆಯನ್ನೇ ನಂಬಿದ ಕೊಳವೆಬಾವಿಯಿಂದ ಅದೇ ಬಡಾವಣೆಗೆ ನೀರು ಬರುತ್ತಿದ್ದರೆ ಹಾನಿ ಇಮ್ಮಡಿಯಾಗುತ್ತದೆ.

ನೀರಿನಷ್ಟೇ ಮುಖ್ಯವಾದುದು ಸಾರ್ವಜನಿಕ ನಿವೇಶನ. ಸಾಮಾನ್ಯ ಮಾನದಂಡದಂತೆ 400ರಿಂದ 800 ಜನಸಂಖ್ಯೆಗೆ ಒಂದು ಅಂಗನವಾಡಿ, ಬಯಲು ಪ್ರದೇಶದಲ್ಲಿ 5,000 ಜನರಿಗೆ ಒಂದು ಆರೋಗ್ಯ ಉಪಕೇಂದ್ರ ಇರಬೇಕು. ಇವುಗಳಿಗೆ ಅನುದಾನವನ್ನು ತಡವಾಗಿಯಾದರೂ ತರಬಹುದು. ಮಾರಿಹೋದ ಜಾಗವನ್ನು ಮರಳಿ ತರಲಾಗದು. ಆಗ ಗೋಮಾಳ, ಗುಂಡುತೋಪುಗಳೇ ಕೊನೆಯ ಆಸರೆಯಾಗಿ, ಒಂದು ಸಾರ್ವಜನಿಕ ಹಿತಕ್ಕಾಗಿ ಮತ್ತೊಂದನ್ನು ಬಲಿಕೊಡಬೇಕಾಗುತ್ತದೆ.

ಗ್ರಾಮ ಪಂಚಾಯಿತಿಯ ವಾರ್ಷಿಕ ಅಭಿವೃದ್ಧಿ ಯೋಜನೆಯು ಈ ಕೊರತೆಯನ್ನು ತುಂಬಲಾರದೆ? ಅದು ಬಹುಮಟ್ಟಿಗೆ ಕಾಮಗಾರಿಗಳ ಪಟ್ಟಿ. ಊರು ಯಾವ ದಿಕ್ಕಿಗೆ ಬೆಳೆಯಬೇಕು, ಎಲ್ಲಿ ಬೆಳೆಯಬಾರದು ಎಂಬುದನ್ನು ಹೇಳಲು ಪಟ್ಟಿ ಸಾಲದು, ನಕ್ಷೆ ಬೇಕು. ಸಂವಿಧಾನದ 243ಝಡ್‌ಡಿ ಅನುಚ್ಛೇದವು ಪಂಚಾಯಿತಿ ಮತ್ತು ಪೌರಸಂಸ್ಥೆಗಳಿಗೆ ಸಮಾನವಾದ ಭೂವಿನ್ಯಾಸ, ನೀರಿನ ಹಂಚಿಕೆ ಮುಂತಾದ ವಿಷಯಗಳನ್ನು ಜಿಲ್ಲಾ ಯೋಜನಾ ಸಮಿತಿಯ ಪರಿಶೀಲನೆಗೆ ಒಪ್ಪಿಸಿರುವುದು ಇಲ್ಲಿ ಗಮನಾರ್ಹ. ಆದುದರಿಂದ ತಳಹದಿ ಇಲ್ಲವೆಂದಲ್ಲ. ಅದರ ಮೇಲೆ ಕಟ್ಟುವ ಕೆಲಸ ಆಗಬೇಕಿದೆ.

ಪರಿವರ್ತನೆಗೆ ಮುನ್ನವೇ ಮೂರು ಪ್ರಶ್ನೆಗಳು ಗ್ರಾಮಸಭೆಯ ಮುಂದೆ ಬರುವಂತಾಗಬೇಕು: ನೀರು ಎಲ್ಲಿಂದ, ಕೊಳೆನೀರು ಎಲ್ಲಿಗೆ, ಸಾರ್ವಜನಿಕ ಉಪಯೋಗಕ್ಕೆ ಮೀಸಲಾದ ಜಾಗ ಯಾವುದು? ಇವುಗಳಿಗೆ ಉತ್ತರವಿಲ್ಲದ ಬಡಾವಣೆಯು ನಿವೇಶನ ಮಾರಿದವರಿಗೆ ಲಾಭವನ್ನೂ ಪಂಚಾಯಿತಿಗೆ ತೀರದ ಋಣವನ್ನೂ ಉಳಿಸುತ್ತದೆ. ಆ ಋಣವನ್ನು ತೀರಿಸುವವರು ಹೊಸ ಮನೆಗಳಿಗೆ ಬಂದವರು ಮಾತ್ರವಲ್ಲ. ಅದೇ ಕೆರೆಯ ನೀರನ್ನು ನಂಬಿದ ಹಳೆಯ ಊರಿನವರೂ ಹೌದು.