ಕಬ್ಬಿಣ ಹೀರಿದ ನೀರು

ಶಿಷ್ಯನು ಗುರುವಿನ ಮುಂದೆ ತನ್ನ ದೋಷಗಳನ್ನು ತಾನೇ ಹೇಳಿಕೊಳ್ಳುವುದಕ್ಕೆ ಜೈನ ಪರಂಪರೆಯಲ್ಲಿ ‘ಆಲೋಚನೆ’ ಎಂದು ಹೆಸರು. ಶಿವಾರ್ಯರ ‘ಭಗವತೀ ಆರಾಧನಾ’ ಗ್ರಂಥವು, ಅದನ್ನು ಕೇಳಿಸಿಕೊಳ್ಳುವ ಆಚಾರ್ಯನಲ್ಲಿ ಇರಬೇಕಾದ ಗುಣಗಳನ್ನು ಎಣಿಸುತ್ತ ‘ಅಪರಿಸ್ರಾವಿ’ ಎಂಬುದೊಂದನ್ನು ಹೇಳುತ್ತದೆ. ಕಾದ ಕಬ್ಬಿಣ ಹೀರಿದ ನೀರು ಹೇಗೆ ಮತ್ತೆ ಒಸರುವುದಿಲ್ಲವೋ ಹಾಗೆ, ಕೇಳಿದ ದೋಷವು ಆಚಾರ್ಯನಿಂದ ಹೊರಗೆ ಹರಿಯಬಾರದು. ನಮ್ಮ ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳು ಈ ಗ್ರಂಥದ ಗಾಹೆಗಳಿಂದಲೇ ತೆರೆದುಕೊಳ್ಳುತ್ತವೆ. 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿಯವರಿಗಂತೂ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಗುಣ ಇಂದು ಮನೆಮನೆಯ ತಂದೆತಾಯಿಯರಿಗೆ ಬೇಕಾಗಿದೆ. ಶಿವಮೊಗ್ಗದ ಬಡಾವಣೆಯೊಂದರಲ್ಲಿ ಕುಳಿತ ಹದಿಮೂರರ ಹುಡುಗನಿಗೆ ಮೊಬೈಲ್ ಆಟದಲ್ಲಿ ‘ಸಮವಯಸ್ಕ’ ಸ್ನೇಹಿತೆ ದೊರೆಯುತ್ತಾಳೆ. ಹೊಗಳಿಕೆ, ಗುಟ್ಟಿನ ಮಾತು, ಬೇರೊಂದು ಆ್ಯಪ್‌ಗೆ ಆಹ್ವಾನ, ಬಳಿಕ ಒಂದು ಚಿತ್ರದ ಬೇಡಿಕೆ. ಚಿತ್ರ ಕೈಸೇರಿದ ಗಳಿಗೆಯಲ್ಲಿ ಸ್ನೇಹಿತೆ ಮಾಯವಾಗಿ ಸುಲಿಗೆಕೋರ ಪ್ರತ್ಯಕ್ಷನಾಗುತ್ತಾನೆ: ಹಣ ಕಳುಹಿಸು, ಇಲ್ಲವೇ ನಿನ್ನವರಿಗೆಲ್ಲ ಇದು ತಲುಪುತ್ತದೆ. ‘ಅಪ್ಪನಿಗೆ ಗೊತ್ತಾದರೆ ಏನು ಗತಿ’ ಎಂಬ ಮಗುವಿನ ಭಯವೇ ಅವನ ಬಂಡವಾಳ. ಆ ಭಯವಿಲ್ಲದ ಮನೆಯಲ್ಲಿ ಅವನ ವ್ಯಾಪಾರ ನಡೆಯುವುದಿಲ್ಲ.

ತತ್ತ್ವಾರ್ಥಸೂತ್ರವು ಸತ್ಯಾಣುವ್ರತಕ್ಕೆ ಹೇಳಿರುವ ಅತಿಚಾರಗಳನ್ನು ಇಲ್ಲಿ ನೆನೆಯಬಹುದು. ಸುಳ್ಳು ಬರಹ ಸೃಷ್ಟಿಸುವುದು ಕೂಟಲೇಖಕ್ರಿಯೆ. ನಕಲಿ ಖಾತೆ ಅದಲ್ಲದೆ ಮತ್ತೇನು? ನಂಬಿ ಇರಿಸಿದ್ದನ್ನು ಲಪಟಾಯಿಸುವುದು ನ್ಯಾಸಾಪಹಾರ. ಏಕಾಂತದ ಸಂಗತಿಯನ್ನು ಬಯಲಿಗೆಳೆಯುವುದು ರಹೋಭ್ಯಾಖ್ಯಾನ. ಈ ಮೂರೂ ವಂಚಕನ ಪಾಲಿನವು. ನಂಬಿ ಕೊಟ್ಟ ಮಗುವನ್ನು ಅದೇ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ. ಆದರೆ ಸಹಪಾಠಿಯ ಅಂತಹ ಚಿತ್ರವನ್ನು ನಗುತ್ತ ಮುಂದಕ್ಕೆ ಕಳುಹಿಸುವ ಮಗು ರಹೋಭ್ಯಾಖ್ಯಾನದಲ್ಲಿ ಪಾಲುಗೊಂಡಂತೆಯೇ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಂ ಪ್ರಕಾರವೂ ಅದು ಅಪರಾಧ. ತಮ್ಮ ಮಗುವೇ ಹಾಗೆ ಮಾಡೀತೆಂದು ಯಾವ ತಾಯಿಯೂ ಎಣಿಸುವುದಿಲ್ಲ. ಮಕ್ಕಳಿಗೆ ಮೊದಲೇ ಹೇಳಬೇಕಾದ ಮಾತು ಇದು.

ಮಗು ಬಾಯಿಬಿಟ್ಟಾಗ ಸಾಮಾನ್ಯವಾಗಿ ನಡೆಯುವುದೇನು? ಎರಡು ಏಟು, ಮೊಬೈಲ್ ಕಪಾಟಿಗೆ, ಆಮೇಲೆ ಚಿಕ್ಕಪ್ಪನಿಗೆ ಫೋನು. ಬಸದಿಯ ಜಗಲಿಯಲ್ಲಿ ‘ನಿಮ್ಮಲ್ಲೇ ಇರಲಿ’ ಎಂದು ಉಸುರಿದ್ದು ಅಭಿಷೇಕ ಮುಗಿಯುವುದರೊಳಗೆ ಊರಿಗೆಲ್ಲ ಗೊತ್ತಾಗಿರುತ್ತದೆ. ಸುಲಿಗೆಕೋರ ಬೆದರಿಸಿದ್ದನ್ನು ಮನೆಯವರೇ ಮಾಡಿಕೊಟ್ಟಂತೆ! ಮುಂದಿನ ಸಲ ಆ ಮಗು ಹೇಳುವುದಿಲ್ಲ. ಆಚಾರ್ಯನಿಗೆ ಹೇಳಿರುವ ಇನ್ನೊಂದು ಗುಣ ‘ನಿರ್ವಾಪಕ’, ಅಂದರೆ ಬೆಂದ ಮನಸ್ಸನ್ನು ತಣಿಸುವವನು. ಪ್ರಾಯಶ್ಚಿತ್ತದ ವಿಚಾರ ಅನಂತರದ್ದು.

ಅಪರಿಸ್ರಾವಿಯಾಗುವುದೆಂದರೆ ಅಪರಾಧವನ್ನು ಮುಚ್ಚಿಡುವುದೆಂದು ತಿಳಿಯಬಾರದು. ಗುಟ್ಟು ಉಳಿಯಬೇಕಾದದ್ದು ಬಂಧುಬಳಗದ ಎದುರಿನಲ್ಲಿ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆ ವಿಧಿಸುತ್ತದೆ. ಹಣ ಕೊಡಬಾರದು, ಕೊಟ್ಟರೆ ಬೇಡಿಕೆ ಬೆಳೆಯುತ್ತದೆ. ಸಿಟ್ಟಿನಲ್ಲಿ ಮಾತುಕತೆಯನ್ನು ಅಳಿಸದೆ, ಖಾತೆಯ ಹೆಸರನ್ನೂ ಬೆದರಿಕೆಯ ಸಂದೇಶಗಳನ್ನೂ ಉಳಿಸಿಕೊಳ್ಳಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೂ, ಮಗುವಿಗೆ ಆಸರೆ ಬೇಕಿದ್ದರೆ 1098ಕ್ಕೂ ಕರೆ ಮಾಡಬಹುದು. ಶಿವಮೊಗ್ಗ ನಗರದಲ್ಲಿ ಇಂತಹ ಪ್ರಕರಣಗಳಿಗೆಂದೇ ಸಿಇಎನ್ ಪೊಲೀಸ್ ಠಾಣೆಯಿದೆ. ಭದ್ರಾವತಿಯವರು ತಮ್ಮ ಹತ್ತಿರದ ಠಾಣೆಯಲ್ಲಿಯೂ ದೂರು ಕೊಡಬಹುದು.

ಠಾಣೆಯೆಂದರೆ ಅಳುಕುವವರು ಒಂದು ಸಂಗತಿ ತಿಳಿದಿರಬೇಕು. ಪೋಕ್ಸೊ ಕಾಯ್ದೆಯಂತೆ ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ ದಾಖಲಿಸಿಕೊಳ್ಳಬಹುದು. ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು. ಬಂದವರು ಸಮವಸ್ತ್ರದಲ್ಲಿ ಇರಬಾರದು. ತಂದೆತಾಯಿ ಅಥವಾ ಮಗು ನಂಬುವ ಮತ್ತೊಬ್ಬರು ಪಕ್ಕದಲ್ಲಿ ಕುಳಿತಿರಬೇಕು.