ಹಿಂದ್ಗಡೆ ಆಡುವ ಗಾಡಿ

ಹೊನ್ನವಳ್ಳಿ ಸುತ್ತಿನ ತೋಟಗಳಲ್ಲಿ ಎತ್ತಿನ ಗಾಡಿ ಹೋಗುತ್ತಿದ್ದ ದಾರಿಯಲ್ಲೀಗ ಪಿಕಪ್ ಓಡಾಡುತ್ತದೆ. ತೋಟದಿಂದ ಕಾಯಿ, ಸುಲಿದ ಮೇಲೆ ಮಟ್ಟೆ, ಅಟ್ಟದಿಂದ ಇಳಿಸಿದ ಕೊಬ್ಬರಿ ಚೀಲ, ಬರುವಾಗ ಗೊಬ್ಬರ, ಎಲ್ಲಕ್ಕೂ ಅದೇ ಗಾಡಿ. ಕೆಎ 44 ನಂಬರಿನ ಬೊಲೆರೊ ಪಿಕಪ್ಪುಗಳು, ಟಾಟಾ ಏಸ್‌ಗಳು, 2019ರಲ್ಲೇ ತಯಾರಿಕೆ ನಿಂತರೂ ಇನ್ನೂ ದುಡಿಯುತ್ತಿರುವ ಮಾರುತಿ ಓಮ್ನಿಗಳು, ಇವುಗಳಲ್ಲಿ ಎಷ್ಟೋ ಎರಡನೇ ಇಲ್ಲವೆ ಮೂರನೇ ಕೈಗೆ ಬಂದವು. ಕೊಂಡ ಕೆಲವೇ ದಿನಕ್ಕೆ ಹೊಸ ಮಾಲೀಕರು ಗ್ಯಾರೇಜಿಗೆ ತರುವ ದೂರು ಹೆಚ್ಚುಕಡಿಮೆ ಒಂದೇ: “ಗಾಡಿ ಹಿಂದ್ಗಡೆ ಆಡ್ತೈತೆ ಅಣ್ಣಾ.”

ತಿರುವಿನಲ್ಲಿ ಹಿಂಭಾಗ ಹೊರಕ್ಕೆ ಜಾರುತ್ತದೆ, ನೆಟ್ಟಗಿನ ರಸ್ತೆಯಲ್ಲೂ ತೂಗಾಡುತ್ತದೆ, ಬ್ರೇಕ್ ಒತ್ತಿದರೆ ಒಂದು ಮಗ್ಗುಲಿಗೆ ಬರುತ್ತದೆ. ಬೆಂಗಳೂರಿನವರು ಆಸೆಪಟ್ಟು ಕೊಳ್ಳುವ ಹಳೆಯ ಸ್ಪೋರ್ಟ್ಸ್ ಕಾರಿಗೂ ತೋಟದ ಪಿಕಪ್ಪಿಗೂ ಈ ತೊಂದರೆ ಒಂದೇ ಬಗೆಯದು, ಏಕೆಂದರೆ ಎರಡರಲ್ಲೂ ಗಾಡಿಯನ್ನು ತಳ್ಳುವುದು ಹಿಂದಿನ ಚಕ್ರ. ಆ ಟೈರಿಗೆ ಎರಡು ಕೆಲಸ. ಗಾಡಿಯನ್ನು ಮುಂದಕ್ಕೆ ನೂಕಬೇಕು, ತಿರುವಿನಲ್ಲಿ ಹಿಂಭಾಗ ಜಾರದಂತೆ ಹಿಡಿಯಲೂ ಬೇಕು. ನೆಲದ ಮೇಲಿನ ಹಿಡಿತಕ್ಕೊಂದು ಮಿತಿಯಿದೆ. ನೂಕುವುದಕ್ಕೆ ಹೆಚ್ಚು ಖರ್ಚಾದರೆ ಹಿಡಿಯುವುದಕ್ಕೆ ಕಡಿಮೆ ಉಳಿಯುತ್ತದೆ. ತಿರುವಿನ ನಡುವೆ ಗಾಬರಿಬಿದ್ದು ಆಕ್ಸಿಲರೇಟರಿಂದ ಕಾಲು ತೆಗೆದರಂತೂ ಭಾರವೆಲ್ಲ ಮುಂದಕ್ಕೆ ವಾಲಿ ಹಿಂದಿನ ಚಕ್ರ ಹಗುರಾಗುತ್ತದೆ.

ನಮ್ಮ ರಸ್ತೆಗಳಲ್ಲಿ ಇದು ಸಣ್ಣ ಮಾತಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಕೆರೆ ಏರಿಯ ಮೇಲೇ ಹಾದುಹೋಗುವ ರಸ್ತೆಗಳಿವೆ. ಒಂದು ಕಡೆ ಕೆರೆ, ಇನ್ನೊಂದು ಕಡೆ ಕೆಳಗೆ ತೋಟ, ಏರಿ ಮುಗಿಯುವಲ್ಲಿ ತಿರುವು. ಸುಗ್ಗಿಯಲ್ಲಿ ಟಾರಿನ ಮೇಲೇ ರಾಗಿ, ಹುರುಳಿ ಒಕ್ಕಣೆಗೆ ಹರಡಿರುತ್ತಾರೆ. ಒಣಹುಲ್ಲಿನ ಮೇಲೆ ಬ್ರೇಕ್ ಒತ್ತಿದ ಖಾಲಿ ಪಿಕಪ್ ಹೇಗೆ ಅಡ್ಡ ತಿರುಗುತ್ತದೆಂದು ಕಂಡವರು ಮತ್ತೆ ಅಲ್ಲಿ ವೇಗವಾಗಿ ಹೋಗುವುದಿಲ್ಲ.

ದೂರು ಬಂದ ಕೂಡಲೇ ಬಹಳ ಕಡೆ ನಡೆಯುವುದು ಎರಡು ಕೆಲಸ: ಮುಂದಿನ ಚಕ್ರದ ಅಲೈನ್‌ಮೆಂಟ್, ಇಲ್ಲವೆ ಹಿಂದಿನ ಶಾಕ್ ಅಬ್ಸಾರ್ಬರ್ ಬದಲಾವಣೆ. ದುಡ್ಡು ಹೋಗುತ್ತದೆ, ಆಟ ಹಾಗೇ ಉಳಿಯುತ್ತದೆ. ಸ್ಪ್ಯಾನರ್ ಹಿಡಿಯುವ ಮೊದಲು ಮಾಲೀಕರನ್ನು ಕೇಳಬೇಕಾದ ಪ್ರಶ್ನೆ, ಯಾವಾಗ ಆಡುತ್ತದೆ ಎಂಬುದು. ಆಕ್ಸಿಲರೇಟರ್ ಒತ್ತಿದಾಗ ಒಂದು ಕಡೆಗೆ, ಬಿಟ್ಟಾಗ ಇನ್ನೊಂದು ಕಡೆಗೆ ಎಳೆದರೆ ಹಿಂದಿನ ಎರಡೂ ಚಕ್ರಗಳನ್ನು ಹೊತ್ತ ಆಕ್ಸಲ್ ಹೌಸಿಂಗ್ ತನ್ನ ಜಾಗದಲ್ಲಿ ಗಟ್ಟಿಯಾಗಿ ನಿಂತಿಲ್ಲ. ಗುಂಡಿ ಬಿದ್ದ ತಿರುವಿನಲ್ಲಿ ಮಾತ್ರ ಹಾರಿ ಜಾರಿದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ನೋಡಬೇಕು. ಬ್ರೇಕ್ ಹಿಡಿದಾಗಷ್ಟೇ ತೊಂದರೆಯೆಂದರೆ ಹಿಂದಿನ ಡ್ರಮ್ ಬಿಚ್ಚಿ ನೋಡಿ: ಆಯಿಲ್ ಸೀಲ್ ಸೋರಿ ಹೌಸಿಂಗಿನ ಎಣ್ಣೆ ಒಂದು ಬದಿಯ ಲೈನರಿಗೆ ಮೆತ್ತಿಕೊಂಡಿದ್ದರೆ ಎರಡೂ ಚಕ್ರ ಸಮವಾಗಿ ಹಿಡಿಯುವುದಿಲ್ಲ. ಹೆದ್ದಾರಿಯಲ್ಲಿ ನೆಟ್ಟಗೆ ಹೋಗುವಾಗಲೇ ತೂಗಾಡಿದರೆ ಮೊದಲ ಅನುಮಾನ ಟೈರಿನ ಮೇಲೆ.

ಆ ಟೈರಿನಿಂದಲೇ ಶುರುಮಾಡುವುದು ಅಗ್ಗ, ಸುಲಭ. ಪಕ್ಕೆಯ ಮೇಲೆ ಒತ್ತಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2316 ಎಂದಿದ್ದರೆ 2016ರ 23ನೇ ವಾರದ ಟೈರು. ಇಷ್ಟು ಹಳೆಯ ಟೈರಿನ ಗೀರು ಎಷ್ಟೇ ಆಳವಿರಲಿ, ರಬ್ಬರು ಗಡುಸಾಗಿ ಒದ್ದೆ ರಸ್ತೆಯಲ್ಲಿ ಹಿಡಿಯದು. ಎಡಕ್ಕೊಂದು ಕಂಪನಿಯದು, ಬಲಕ್ಕೊಂದು ರೀಟ್ರೆಡ್ ಇರುವ ಗಾಡಿಗಳು ಬೇಕಾದಷ್ಟಿವೆ. ಎರಡೇ ಹೊಸ ಟೈರು ಕೊಂಡವರು ಸ್ಟಿಯರಿಂಗ್ ಇರುವುದು ಮುಂದೆ ಎಂದು ಮುಂದಕ್ಕೇ ಹಾಕಿಸುತ್ತಾರೆ. ಅದು ತಪ್ಪು. ಮುಂದಿನ ಚಕ್ರ ಜಾರಿದರೆ ಗಾಡಿ ನೆಟ್ಟಗೆ ಹೋಗುತ್ತದೆ, ವೇಗ ಇಳಿದಂತೆ ಹಿಡಿತ ಮರಳುತ್ತದೆ. ಹಿಂದಿನದು ಜಾರಿದರೆ ಗಾಡಿಯೇ ತಿರುಗಿಬಿಡುತ್ತದೆ. ಒಳ್ಳೆಯ ಜೋಡಿ ಹಿಂದಕ್ಕೇ ಇರಲಿ.

ಗಾಳಿಯ ವಿಷಯದಲ್ಲಿ ಅಮೆರಿಕದ ಷೆವ್ರೊಲೆ ಕೊರ್ವೇರ್ ಕಾರಿನ ಕಥೆ ಗೊತ್ತಿರಬೇಕು. 1960ರ ಮಾದರಿಯಾಗಿ ಬಂದ ಆ ಕಾರಿನ ಎಂಜಿನ್ ಹಿಂದಿತ್ತು. ಹಿಂಭಾಗ ಜಾರದಿರಲಿ ಎಂದು ಮುಂದಿನ ಟೈರಿಗೆ 15, ಹಿಂದಿನದಕ್ಕೆ 26 ಪಿಎಸ್‌ಐ ಗಾಳಿ ಹಾಕಬೇಕೆಂದು ಕಂಪನಿ ಹೇಳಿತ್ತು. ಇಷ್ಟೊಂದು ವ್ಯತ್ಯಾಸ ಕೇಳಿರದ ಜನ ನಾಲ್ಕಕ್ಕೂ ಒಂದೇ ಸಮ ತುಂಬಿಸಿದರು. 1965ರಲ್ಲಿ ರಾಲ್ಫ್ ನೇಡರ್ ಬರೆದ ಕಾರು ಸುರಕ್ಷತೆಯ ಪುಸ್ತಕದ ಮೊದಲ ಅಧ್ಯಾಯವೇ ಈ ಕಾರಿನ ಮೇಲಿತ್ತು. ಚಾಲಕನ ಗಮನಕ್ಕೇ ಬಾರದ ಗಾಳಿಯ ಲೆಕ್ಕದ ಮೇಲೆ ಕಾರಿನ ಸುರಕ್ಷತೆಯನ್ನು ನಿಲ್ಲಿಸಬಾರದು ಎಂಬುದು ಅವರ ವಾದ, ನನ್ನ ಮಟ್ಟಿಗೆ ಅದು ಸರಿಯಾದ ವಾದ. ನಮ್ಮಲ್ಲಿ ಆಗುವುದು ಬೇರೆ ಬಗೆ. ಲೋಡಿಗೆಂದು ಹಿಂದಿನ ಟೈರನ್ನು ಗಟ್ಟಿಯಾಗಿ ತುಂಬಿಸಿ, ಇಳಿಸಿದ ಮೇಲೆ ಅದೇ ಗಾಳಿಯಲ್ಲಿ ಖಾಲಿ ಓಡಿಸುತ್ತೇವೆ. ಆಗ ಟೈರಿನ ನಡುಭಾಗ ಮಾತ್ರ ನೆಲ ಮುಟ್ಟುತ್ತದೆ.

ಆದರೆ ತೆಂಗಿನ ಸೀಮೆಯ ಪಿಕಪ್ಪಿನಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಅನುಮಾನಿಸುವುದು ಸ್ಪ್ರಿಂಗಿಗೆ ಸೇರಿಸಿದ ಪ್ಲೇಟುಗಳನ್ನು. ಒಂದೇ ಟ್ರಿಪ್ಪಿಗೆ ಹೆಚ್ಚು ಕಾಯಿ ಹೋಗಲಿ, ಹಿಂದೆ ಕೂರದಿರಲಿ ಎಂದು ಹಿಂದಿನ ಮಾಲೀಕ ಕಂಪನಿಯ ಸೆಟ್ಟಿಗೆ ಒಂದೋ ಎರಡೋ ಪ್ಲೇಟು ಹಾಕಿಸಿರುತ್ತಾನೆ. ತುಂಬಿದಾಗ ಗಾಡಿ ನೆಟ್ಟಗೆ ನಿಲ್ಲುವುದರಿಂದ ಅವನಿಗೆ ತೊಂದರೆ ಕಾಣುವುದಿಲ್ಲ. ಕೊಂಡವನು ಹಾಲಿನ ಕ್ಯಾನು, ತರಕಾರಿ ಸಾಗಿಸುವವನಾದರೆ ಅಥವಾ ಬಹುಪಾಲು ಖಾಲಿಯೇ ಓಡಿಸಿದರೆ ಅದೇ ಪ್ಲೇಟು ಬಗ್ಗುವುದೇ ಇಲ್ಲ. ಗುಂಡಿ ಸಿಕ್ಕಲ್ಲೆಲ್ಲ ಚಕ್ರ ನೆಲ ಬಿಟ್ಟು ಹಾರುತ್ತದೆ, ಗಾಳಿಯಲ್ಲಿರುವ ಟೈರಿಗೆ ಹಿಡಿತವೆಲ್ಲಿಯದು? ಕಂಪನಿಯ ಶಾಕ್ ಅಬ್ಸಾರ್ಬರ್ ಮೂಲ ಸ್ಪ್ರಿಂಗಿನ ಬಿಗುವಿಗೆ ಹೊಂದಿಸಿದ್ದು, ಈ ಬಿಗುವನ್ನು ಅದು ತಡೆಯಲಾರದು. ಹೊಸದು ಹಾಕಿಸಿದರೂ ಫಲವಿಲ್ಲದಿರುವುದು ಇದಕ್ಕೇ.

ಪ್ಲೇಟು ಸೇರಿಸಿ ಹಿಂಭಾಗ ಎತ್ತರಿಸಿದಾಗ ಇನ್ನೂ ಎರಡು ಕೆಡುಕುಗಳು ಸೇರಿಕೊಳ್ಳುತ್ತವೆ. ಪ್ಲೇಟುಗಳ ಬಾಗು ಹೆಚ್ಚಾದಷ್ಟೂ, ತಿರುವಿನಲ್ಲಿ ಗಾಡಿ ವಾಲಿದಾಗ ಹೌಸಿಂಗಿನ ಹೊರಬದಿ ಹಿಂದಕ್ಕೂ ಒಳಬದಿ ಮುಂದಕ್ಕೂ ಸರಿಯುತ್ತದೆ. ಅಂದರೆ ಸ್ಟಿಯರಿಂಗ್ ಮುಟ್ಟದೆಯೇ ಹಿಂದಿನ ಚಕ್ರಗಳು ತಿರುವಿನ ಹೊರಕ್ಕೆ ಮುಖ ಮಾಡುತ್ತವೆ. ಇನ್ನೊಂದು ಬ್ರೇಕಿನದು. ಲೋಡು ನೋಡಿಕೊಂಡು ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವ ವಾಲ್ವ್ ಕೆಲವು ಗಾಡಿಗಳಲ್ಲಿದೆ. ಛಾಸಿಗೂ ಹೌಸಿಂಗಿಗೂ ಇರುವ ಅಂತರವೇ ಅದರ ಅಳತೆ. ಪ್ಲೇಟು ಸೇರಿಸಿ ಎತ್ತರಿಸಿದರೆ, ಗಾಡಿ ತುಂಬಿದ್ದರೂ ಖಾಲಿಯೆಂದೇ ತಿಳಿದು ಹಿಂದಿನ ಬ್ರೇಕನ್ನು ಅದು ಸಡಿಲ ಬಿಡುತ್ತದೆ.

ಇದನ್ನೆಲ್ಲ ಕೇಳಿ ಹಿಂದಿನ ಚಕ್ರ ತಳ್ಳುವ ಗಾಡಿಯೇ ಬೇಡ ಎನ್ನಬೇಕಿಲ್ಲ. ಬೆಂಗಳೂರಿನಲ್ಲಿ 1980ರ ದಶಕದಲ್ಲಿ ತಯಾರಾದ ಡಾಲ್ಫಿನ್ ಎಂಬ ಫೈಬರ್ ಮೈಯ ಪುಟ್ಟ ಕಾರು ಹಿಂದಿನ ಚಕ್ರದಿಂದಲೇ ಓಡುತ್ತಿತ್ತು, ರೇಸು ರ್‍ಯಾಲಿಗಳಲ್ಲಿ ಹೆಸರನ್ನೂ ಮಾಡಿತ್ತು. ಹಿಂದಿನ ಚಕ್ರ ತಳ್ಳುವುದೇ ದೋಷವಲ್ಲ ಎಂಬುದಕ್ಕೆ ಆ ಕಾರು ಸಾಕ್ಷಿ.

ಹೌಸಿಂಗ್ ಸರಿದಿದೆಯೇ ಎಂದು ನೋಡಲು ಯಂತ್ರವೇನೂ ಬೇಡ. ಸ್ಟಿಯರಿಂಗ್ ನೆಟ್ಟಗಿಟ್ಟು ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎರಡೂ ಬದಿಯಲ್ಲಿ ಟೇಪು ಹಿಡಿಯಿರಿ, ಅಳತೆ ಎರಡೂ ಕಡೆ ಒಂದೇ ಇರಬೇಕು. ಮುಂದಿನ ಹಿಂದಿನ ಚಕ್ರಗಳು ಒಂದೇ ಸಾಲಿನಲ್ಲಿವೆಯೇ ಎಂದು ನೋಡಲು ಗಾರೆ ಕೆಲಸದವರ ನೈಲಾನ್ ದಾರ ಒಳ್ಳೆಯದು. ತೆಂಗಿನ ಹುರಿ ಹಿಗ್ಗುತ್ತದೆ, ಬೇಡ. ಇಲ್ಲವೇ ಸಮತಟ್ಟಾದ ಜಾಗದಲ್ಲಿ ನೀರು ಚೆಲ್ಲಿ ಅದರ ಮೇಲೆ ನಿಧಾನ ನೆಟ್ಟಗೆ ಓಡಿಸಿ, ಇಳಿದು ಅಚ್ಚು ನೋಡಿ. ಹಿಂದಿನ ಗೆರೆಗಳು ಎರಡೂ ಒಂದೇ ಕಡೆಗೆ ಸರಿದಿದ್ದರೆ ಗಾಡಿ ಏಡಿಯಂತೆ ಅಡ್ಡಡ್ಡ ನಡೆಯುತ್ತಿದೆ. ಪ್ಲೇಟುಗಳ ಸೆಂಟರ್ ಬೋಲ್ಟ್ ತುಂಡಾಗಿರಬಹುದು, ಯು ಬೋಲ್ಟ್ ಸಡಿಲವಿರಬಹುದು, ಸ್ಪ್ರಿಂಗಿನ ಮುಂದಿನ ಕಣ್ಣಿನ ಬುಷ್ ಸವೆದಿರಬಹುದು. ಕಬ್ಬಿಣದ ಸರಳು ಕೊಟ್ಟು ಮೀಟಿದರೆ ಸವೆದ ಬುಷ್ ಕೂಡಲೇ ಗೊತ್ತಾಗುತ್ತದೆ. ಪ್ಲೇಟಿನ ಕೆಲಸ ಮಾಡಿಸಿದ ಕೆಲವು ದಿನಗಳ ಮೇಲೆ ಯು ಬೋಲ್ಟನ್ನು ಮತ್ತೊಮ್ಮೆ ಬಿಗಿಸಲೇಬೇಕು. ಇದನ್ನು ಮರೆಯುವವರೇ ಹೆಚ್ಚು.

ಹೆಚ್ಚುವರಿ ಪ್ಲೇಟು ಬಿಚ್ಚಿಸಿದರೆ ಲೋಡು ಕಡಿಮೆ ಹೋಗುತ್ತದೆ, ಬಾಡಿಗೆಗೆ ನಷ್ಟ ಎಂಬ ಮಾತು ಬರುತ್ತದೆ. ಕೊಬ್ಬರಿ ಬೆಲೆ ಏಳುಬೀಳುವ ಊರಿನಲ್ಲಿ ಆ ಲೆಕ್ಕ ಹುಸಿಯಲ್ಲ, ಅದನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆದರೂ ಕಂಪನಿ ಹೇಳಿದ ಭಾರಕ್ಕೆ ಕಂಪನಿಯ ಸೆಟ್ಟು ಸಾಕು. ಅದಕ್ಕಿಂತ ಹೆಚ್ಚು ಹೇರುವುದಿದ್ದರೆ ಬೇಕಾದ್ದು ದೊಡ್ಡ ಗಾಡಿ, ಇನ್ನೊಂದು ಪ್ಲೇಟಲ್ಲ.

ಹಳೆಯ ಗಾಡಿ ಕೊಳ್ಳುವವರು ಅಡ್ವಾನ್ಸ್ ಕೊಡುವ ಮುನ್ನ ಖಾಲಿ ಗಾಡಿಯನ್ನೊಮ್ಮೆ, ಲೋಡಿನ ಗಾಡಿಯನ್ನೊಮ್ಮೆ ಓಡಿಸಿ ನೋಡಿ. ಕೆಳಗೆ ಬಗ್ಗಿ ಪ್ಲೇಟು ಎಣಿಸಿ, ಎಣಿಕೆ ಕಂಪನಿಯ ಲೆಕ್ಕಕ್ಕೆ ಹೊಂದುತ್ತದೆಯೇ ಎಂದು ಕೇಳಿ. ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಮೊನ್ನೆಯಷ್ಟೇ ಆಗಿದೆ ಎಂಬ ಮಾತನ್ನೇ ನಂಬಿ ಕೂರಬೇಡಿ. ಮಾರುವವರೂ ದಯವಿಟ್ಟು ಏನೇನು ಸೇರಿಸಿದ್ದೀರೆಂದು ಬಾಯಿಬಿಟ್ಟು ಹೇಳಿ. ನಿಮ್ಮ ಗಾಡಿ ಕೊಂಡವರು ನಾಳೆ ಅದೇ ಕೆರೆ ಏರಿಯ ಮೇಲೆ ಮನೆಗೆ ಹೋಗಬೇಕು.